ವಾಸನೆ ಇಲ್ಲ

“ತಲೆ ನೋಡ್ಕೊಳ್ರಪ್ಪಾ, ತಲೆ. ಬಾಗ್ಲಿಗೆ ತಗಲುತ್ತೆ,” ಎಂದು ವಿಧಿ ಮಾಡಿಸಲು ಬಂದಿದ್ದ ಅಯ್ಯನವರು ರುದ್ರಸ್ವಾಮಿ ಹೇಳುವ ಹೊತ್ತಿಗೆ ಷಡಕ್ಷರಿಯವರ ತಲೆ ಕಾರಿನ ಚೌಕಟ್ಟಿಗೆ ಮೆಲ್ಲಗೆ ತಾಕಿಯೇ ಬಿಟ್ಟಿತ್ತು. ನಾಲ್ಕು ಜನ ಹಿಡಿದಿದ್ದರು. ಕೂತ ಭಂಗಿಯಲ್ಲೇ ಸೆಟೆದುಕೊಂಡಿದ್ದ ದೇಹವನ್ನು, ಶೆಡ್ಡಿನಿಂದ ಅಂಗಳಕ್ಕೆ ತಳ್ಳಿ ತಂದಿದ್ದ ಹಳೆಯ ಫಿಯೆಟ್ಟಿನೊಳಕ್ಕೆ ಓರೆಯಾಗಿ ತೂರಿಸುವುದು ಬೀರುವನ್ನು ಮಹಡಿಗೆ ಏರಿಸಿದಷ್ಟೇ ಕಷ್ಟವಾಗಿತ್ತು. ಕೊನೆಗೂ ಅವರು ಮುಂದಿನ ಸೀಟಿನಲ್ಲಿ, ಸ್ಟೀರಿಂಗಿನ ಪಕ್ಕಕ್ಕೆ ಕೂತರು. ಹಣೆ ತುಂಬ ವಿಭೂತಿ, ಕೊರಳಿಗೆ ಸೇವಂತಿಗೆ ಹಾರ. ಬಿಳಿಯ ಪಂಚೆಯೊಂದನ್ನು ಎದೆಗೆ ಸುತ್ತಿ ಸೀಟಿಗೆ ಕಟ್ಟಿದರು. ತಮ್ಮ ಕಾರಿನಲ್ಲಿ ಅವರು ಆ ಬದಿಗೆ ಕೂತದ್ದು ಅದೇ ಮೊದಲು.

ಅವರ ಪೈಕಿ ಹೋದವರನ್ನು ಕೂರಿಸಿಯೇ ಒಯ್ಯುವುದು, ಕೂರಿಸಿಯೇ ಮಣ್ಣು ಮಾಡುವುದು. ಅದಕ್ಕೆಂದು ಹೂವಿನ ವಿಮಾನ ಕಟ್ಟಿ ತರುವವರಿದ್ದಾರೆ. ಆದರೆ ಬೆಳಿಗ್ಗೆ ಅದರ ಮಾತು ಬಂದಾಗ ಹೆಂಡತಿ ದಾಕ್ಷಾಯಣಮ್ಮ, ಹೇಗೂ ಕೂರಿಸುವುದೇ ಆದರೆ ಅವರ ಗಾಡಿಯಲ್ಲೇ ಕೂರಿಸಿ ಎಂದಿದ್ದರು. ಆ ಮಾತಿಗೆ ಎಲ್ಲರ ಕಣ್ಣೂ ತುಂಬಿತು. ಹಿಂದಿನ ದಿನ ಮಧ್ಯಾಹ್ನ ಅವರು ಹೋದದ್ದೂ ಆ ಗಾಡಿಯಲ್ಲೇ. ಜಯಲಕ್ಷ್ಮಿಪುರದ ತಮ್ಮ ಮನೆಯ ಪಕ್ಕದ ಶೆಡ್ಡಿನಲ್ಲಿ, ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದವರು ಕಾಫಿಗೆ ಕರೆದರೆ ಏಳಲಿಲ್ಲ. ಡಾಕ್ಟರು ಬಂದು ಹೃದಯ ನಿಂತಿದೆ ಎಂದರು. ಅದಂತೂ ಎಲ್ಲರಿಗೂ ಗೊತ್ತಾಗುವ ಸಂಗತಿ, ಯಾಕೆ ನಿಂತಿತು ಎಂದು ಯಾರೂ ಕೇಳಲಿಲ್ಲ. ವಯಸ್ಸು ಎಪ್ಪತ್ತರ ಹತ್ತಿರ. ಶರಣರ ಗುಣ ಮರಣದಲ್ಲಿ ನೋಡು ಅಂತಾರೆ, ಕೂತಲ್ಲೇ ಲಿಂಗೈಕ್ಯರಾದರು, ಪುಣ್ಯವಂತರು ಎಂದು ಬಂದವರೆಲ್ಲ ಹೇಳುತ್ತಿದ್ದರು.

ಪಕ್ಕದ ಮನೆಯ ಸುಚಿತ್ರಾ ಕಾರಿನ ಕಿಟಕಿಗೆ ಹಾರ ಸಿಕ್ಕಿಸುತ್ತಿದ್ದವಳು ತಟ್ಟನೆ ಅಳತೊಡಗಿದಳು. “ನೋಡಿ ಆಂಟಿ, ಪೆಟ್ರೋಲ್ ವಾಸ್ನೆ. ಅಂಕಲ್ ವಾಸ್ನೆ ಕಣ್ರೀ ಇದು. ಇಲ್ಲೇ ಇದಾರೆ ಅನ್ಸುತ್ತೆ.”

ಅಲ್ಲಿದ್ದವರೆಲ್ಲ ಒಮ್ಮೆ ಉಸಿರೆಳೆದುಕೊಂಡು ತಲೆಯಾಡಿಸಿದರು. ಹೆಬ್ಬಾಳದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಷಡಕ್ಷರಿ, ಮದುವೆ ಮನೆಗೆ ರೇಷ್ಮೆ ಪಂಚೆ ಉಟ್ಟು ಬಂದರೂ ಪೆಟ್ರೋಲ್ ವಾಸನೆ ಹೊತ್ತೇ ಬರುತ್ತಿದ್ದ ಮನುಷ್ಯ. ಅತ್ತರು ಬಳಿದುಕೊಂಡು ಬಂದಿದ್ದಾರೆ ಎಂದು ನೆಂಟರು ತಮಾಷೆ ಮಾಡುತ್ತಿದ್ದರು. ದಾಕ್ಷಾಯಣಮ್ಮನೂ ಎಲ್ಲರಂತೆ ಉಸಿರೆಳೆದುಕೊಂಡರು. ಎಲ್ಲರಂತೆ ತಲೆಯಾಡಿಸಿದರು.

*

ಷಡಕ್ಷರಿಯವರಿಗೆ ಎರಡು ಹೆಮ್ಮೆಗಳಿದ್ದವು. ಒಂದು ಅಪ್ಪನಿಂದ ಬಂದ ಫಿಯೆಟ್ಟು, ಇನ್ನೊಂದು ಹೆಂಡತಿಯ ಮೂಗು.

ಮದುವೆಯಾದ ಹೊಸತರಲ್ಲಿ ಇಬ್ಬರೂ ನಂಜನಗೂಡಿಗೆ ಹೋಗುತ್ತಿದ್ದಾಗ ದಾಕ್ಷಾಯಣಮ್ಮ ಇದ್ದಕ್ಕಿದ್ದಂತೆ ಗಾಡಿ ನಿಲ್ಲಿಸಿ ಎಂದಿದ್ದರು. ಷಡಕ್ಷರಿ ಗೊಣಗಿಕೊಂಡೇ ಇಳಿದು ಬಾನೆಟ್ ಎತ್ತಿದರೆ, ಕಾರ್ಬ್ಯುರೇಟರಿನಿಂದ ಪೆಟ್ರೋಲು ತೊಟ್ಟು ತೊಟ್ಟಾಗಿ ಕಾದ ಕಬ್ಬಿಣದ ಪಕ್ಕಕ್ಕೇ ಬೀಳುತ್ತಿತ್ತು. ಈ ಕತೆಯನ್ನು ಅವರು ಮನೆಗೆ ಬಂದವರಿಗೆಲ್ಲ ಕಾಫಿಗೆ ಮುಂಚೆ ಒಮ್ಮೆ, ಕಾಫಿ ಆದಮೇಲೆ ಒಮ್ಮೆ ಹೇಳುತ್ತಿದ್ದರು. ಅಂದಿನಿಂದ ಗಾಡಿಗೆ ಯಾವ ರಿಪೇರಿಯಾದರೂ ಕೊನೆಯ ಪರೀಕ್ಷೆ ಹೆಂಡತಿಯದು. “ದಾಕ್ಷಿ, ಬಾ ಇಲ್ಲಿ” ಎಂದು ಶೆಡ್ಡಿನಿಂದ ಕೂಗು ಬಂದರೆ ಅವರು ಸೆರಗಿಗೆ ಕೈ ಒರೆಸಿಕೊಂಡು ಹೋಗಿ, ಎಂಜಿನ್ನಿನ ಮೇಲೆ ಬಗ್ಗಿ, ಟ್ಯಾಂಕಿನ ಕಡೆಯಿಂದ ಬರುತ್ತಿದೆ ಎಂದೋ, ವಾಸನೆ ಇಲ್ಲ ಎಂದೋ ತೀರ್ಪು ಕೊಟ್ಟು ಬರುತ್ತಿದ್ದರು. ಒಲೆಯ ಮೇಲೆ ಸಾರು ಕುದಿಯುತ್ತಿದ್ದರೂ ಹೋಗುತ್ತಿದ್ದರು. ಅವರಿಬ್ಬರ ಸಂಸಾರದಲ್ಲಿ ಪ್ರೀತಿ ಎಂದು ಹೆಸರಿಡಬಹುದಾದದ್ದು ಬಹುಮಟ್ಟಿಗೆ ಅಲ್ಲೇ, ಆ ಬಾನೆಟ್ಟಿನ ಕೆಳಗೇ ಇತ್ತು.

ಕೊರೋನಾ ಎರಡನೇ ಸಲ ಊರಿಗೆ ಬಂದಾಗ ದಾಕ್ಷಾಯಣಮ್ಮನಿಗೆ ಜ್ವರ ಬಂತು. ಜ್ವರ ಹೋಯಿತು, ಅದರ ಜೊತೆ ವಾಸನೆಯೂ ಹೋಯಿತು. ಬೇರೆಯವರಿಗೆಲ್ಲ ತಿಂಗಳಲ್ಲಿ ವಾಪಸು ಬಂತು, ಇವರಿಗೆ ಬರಲಿಲ್ಲ. ಇವತ್ತು ಬರುತ್ತೆ, ನಾಳೆ ಬರುತ್ತೆ ಎಂದು ಕಾದರು. ದಿನಾ ಬೆಳಿಗ್ಗೆ ಕಾಫಿಪುಡಿ ಡಬ್ಬಿ ತೆರೆದು ಮೂಗಿಗೆ ಹಿಡಿದು ನೋಡುತ್ತಿದ್ದರು. ಗಂಡನಿಗೆ ಮಾತ್ರ ಹೇಳಲಿಲ್ಲ. ಅವರು ಹೊಗಳುತ್ತಿದ್ದದ್ದು ಇವರ ಅಡುಗೆಯನ್ನಲ್ಲ, ರೂಪವನ್ನಲ್ಲ. ಅದೊಂದೇ ಇತ್ತು. ಅದನ್ನು ಹೇಗೆ ಹೋಯಿತು ಎನ್ನುವುದು?

*

ಮಗ ಶಿವಕಿರಣ್ ಸ್ಟೀರಿಂಗಿಗೆ ಕೂತ. ಅವನ ಮಗಳು ಐಶ್ವರ್ಯ, ಒಂದನೇ ಕ್ಲಾಸಿನವಳು, ತಾತನ ಜೊತೆ ಹೋಗುತ್ತೇನೆಂದು ಹಟ ಮಾಡಿ ಹಿಂದಿನ ಸೀಟು ಹತ್ತಿದ್ದಳು. ಅವಳಿಗೆ ವಾಕರಿಕೆ ಬರುತ್ತದೆಂದು ಸುಚಿತ್ರಾ ಹತ್ತಿರದಲ್ಲೇ ನಿಂತಿದ್ದಳು. ಯಾರೋ ಡ್ಯಾಶ್‌ಬೋರ್ಡಿನ ಮೇಲೆ ಬಾಳೆಹಣ್ಣು ಇಟ್ಟು ಅದಕ್ಕೆ ಊದುಬತ್ತಿ ಸಿಕ್ಕಿಸಲು ಹೋದರು. ಉದಯಗಿರಿಯ ಮೆಕ್ಯಾನಿಕ್ ಲಿಂಗಯ್ಯ, ಷಡಕ್ಷರಿಯವರ ಹಳೆಯ ಸ್ನೇಹಿತ, ಅದನ್ನು ಹೊರಗೇ ಹಚ್ಚಿ ಎಂದು ತಡೆದ. ಬೆಳಿಗ್ಗೆಯಿಂದ ಅವನು ಗೇಟು ಬಿಟ್ಟು ಒಳಗೆ ಬಂದಿರಲಿಲ್ಲ. ಈಗ ಬಂದವನು ಕಾರಿನ ಸುತ್ತ ಒಂದು ಸುತ್ತು ಹಾಕಿ ಮೂಗು ಉಜ್ಜಿಕೊಂಡ.

ಶಿವಕಿರಣ್ ಕೀಲಿ ತಿರುಗಿಸಿದ. ಹಿಂದುಗಡೆ ಎಲ್ಲೋ ಗುಂಯ್ ಎಂದು ಪಂಪು ಶುರುವಾಯಿತು. ಅಯ್ಯನವರು ಕಾರಿಗೂ ಮಂಗಳಾರತಿ ಆಗಲಿ, ಆಮೇಲೆ ಎಂಜಿನ್ ಶುರು ಮಾಡು ಎಂದರು. ಅವನು ಕೀಲಿಯನ್ನು ಹಾಗೇ ಬಿಟ್ಟು ಕೈಕಟ್ಟಿ ಕೂತ. ಪಂಪು ಗುಂಯ್ಗುಡುತ್ತಲೇ ಇತ್ತು.

*

ಆ ಪಂಪು ಬಂದದ್ದು ಈ ವರ್ಷ ಬೇಸಿಗೆಯಲ್ಲಿ, ಒಂದು ರಟ್ಟಿನ ಪೆಟ್ಟಿಗೆಯಲ್ಲಿ. ಬೆಳಿಗ್ಗೆ ಚೋಕ್ ಎಳೆದು ಎಳೆದು, ದಾರಿಯಲ್ಲಿ ನಿಂತು ನಿಂತು ಷಡಕ್ಷರಿಯವರಿಗೆ ಕಾರ್ಬ್ಯುರೇಟರಿನ ಮೇಲೆ ಜಿಗುಪ್ಸೆ ಬಂದಿತ್ತು. ಅದನ್ನು ಕಿತ್ತು ಈಗಿನ ಕಾರುಗಳಂತೆ ಕಂಪ್ಯೂಟರಿನಿಂದ ಪೆಟ್ರೋಲು ಚಿಮ್ಮಿಸುವ ಸಾಮಾನು ಹಾಕುವುದೆಂದು ನಿರ್ಧರಿಸಿ, ಸಿಕ್ಕಿದ್ದರಲ್ಲಿ ಅಗ್ಗದ್ದನ್ನು ತರಿಸಿದರು. ಭಾನುವಾರಗಳಂದು ಲಿಂಗಯ್ಯ ಬರುತ್ತಿದ್ದ. ಇಬ್ಬರೂ ಜಗಳವಾಡಿಕೊಂಡೇ ಜೋಡಿಸಿದರು. ಪಂಪನ್ನು ತಾನಾಗಿ ನಿಲ್ಲಿಸುವ ವೈರು ಯಾವುದೆಂದು ತಿಳಿಯದೆ ಷಡಕ್ಷರಿ ಅದನ್ನು ನೇರ ಕೀಲಿಗೇ ಕೊಟ್ಟರು. ಎಂಜಿನ್ ಓಡಲಿ ಬಿಡಲಿ, ಕೀಲಿ ತಿರುಗಿಸಿದರೆ ಪಂಪು ಓಡುತ್ತಿತ್ತು.

ಪೆಟ್ಟಿಗೆಯಲ್ಲಿದ್ದ ಹೊಸ ಪೈಪು ಗೇಣುದ್ದ ಕಡಿಮೆ ಬಿತ್ತು. ಷಡಕ್ಷರಿ ಹಳೆಯ ರಬ್ಬರ್ ಪೈಪನ್ನೇ ಸೇರಿಸಿ ಕ್ಲಿಪ್ಪು ಬಿಗಿದರು.

“ಬ್ಯಾಡ ಕಣಣ್ಣ,” ಎಂದಿದ್ದ ಲಿಂಗಯ್ಯ. “ಕಾರ್ಬ್ಯುರೇಟರ್‌ಗೆ ಪೆಟ್ರೋಲು ತೊಟ್ಟಿಕ್ಕುತ್ತೆ. ಇದು ಹತ್ತುಪಟ್ಟು ಜೋರಾಗಿ ತಳ್ಳುತ್ತೆ. ಈಗಿನ ಪೆಟ್ರೋಲು ಬೇರೆ ಹಳೇ ರಬ್ಬರ್‌ನ ತಿಂದ್ಬುಡುತ್ತೆ. ಎಂಗೆ ತಡಿಯುತ್ತೆ ಏಳು?”

“ಒಂದು ತೊಟ್ಟು ಲೀಕಾದ್ರೂ ದಾಕ್ಷಿಗೆ ಅಡಿಗೆಮನೇಲೇ ಗೊತ್ತಾಗುತ್ತೆ. ಅವಳ ಮೂಗಿರೋವಾಗ ನಂಗೇನೋ ಭಯ?” ಎಂದು ಷಡಕ್ಷರಿ ಕೂಗಿ ಕರೆದರು. ದಾಕ್ಷಾಯಣಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದರು. ಬಗ್ಗಿದರು. ಹೇಳಿಬಿಡಬೇಕೆಂದು ಬಾಯಿಯವರೆಗೂ ಬಂತು. ಲಿಂಗಯ್ಯನ ಎದುರು ಗಂಡನ ಮುಖ ಹೆಮ್ಮೆಯಿಂದ ಅರಳಿತ್ತು. “ವಾಸನೆ ಇಲ್ಲ,” ಎಂದರು.

ಆಮೇಲೆ ಅದು ದಿನದ ಮಾತಾಯಿತು. ರಸ್ತೆ ಅಗೆಯುತ್ತಿದ್ದ ಧೂಳಿಗೆ ಷಡಕ್ಷರಿ ಶೆಡ್ಡಿನ ಬಾಗಿಲು ಮುಚ್ಚಿಕೊಂಡು, ಒಳಗೆ ಪಂಪು ಓಡಿಸಿ ನೋಡುತ್ತ ಗಂಟೆಗಟ್ಟಲೆ ಕೂರುತ್ತಿದ್ದರು. ಕಳೆದ ವಾರ ಊಟಕ್ಕೆ ಕೂತವರು ತಲೆ ಒತ್ತಿಕೊಂಡು, ಯಾಕೋ ಸುತ್ತಿದಂತಾಗುತ್ತದೆ ಎಂದಿದ್ದರು. “ನಂಗೂ ಏನೋ ವಾಸ್ನೆ ಬಂದಂಗಾಯ್ತು ಕಣೇ. ಆದ್ರೆ ನೀನು ಇಲ್ಲ ಅಂದ್ಮೇಲೆ ಇಲ್ಲ ಬುಡು. ನನ್ನ ಮೂಗೊಳಗೇ ಪೆಟ್ರೋಲ್ ಕೂತ್ಬುಟ್ಟಿದೆ.”

ದಾಕ್ಷಾಯಣಮ್ಮ ಅವರಿಗೆ ಇನ್ನೊಂದು ಸೌಟು ಮಜ್ಜಿಗೆ ಬಡಿಸಿದ್ದರು.

*

“ಅಜ್ಜೀ, ತಲೆ ನೋಯ್ತಿದೆ,” ಎಂದು ಐಶ್ವರ್ಯ ಹಿಂದಿನ ಸೀಟಿನಿಂದ ಹೇಳಿದಳು. “ತುಂಬಾ ವಾಸ್ನೆ. ಸುತ್ತಿದಂಗಾಗುತ್ತೆ.”

ಅದೇ ಮಾತು. ದಾಕ್ಷಾಯಣಮ್ಮ ಸುತ್ತ ನಿಂತವರನ್ನು ನೋಡಿದರು. ಸುಚಿತ್ರಾ ಮೂಗಿಗೆ ಸೆರಗು ಒತ್ತಿಕೊಂಡಿದ್ದಳು. ಆಚೀಚೆ ನಿಂತವರೂ ಒಂದೊಂದು ಹೆಜ್ಜೆ ಹಿಂದೆ ಸರಿದಿದ್ದರು, ಆದರೆ ಹೋದವರ ಮರ್ಯಾದೆಗೆ ಯಾರೂ ಬಾಯಿ ಬಿಡಲಿಲ್ಲ. ಅಷ್ಟು ಜನರ ಮೂಗಿಗೂ ತಿಳಿಯುತ್ತಿದ್ದ ಸಂಗತಿ ದಾಕ್ಷಾಯಣಮ್ಮನಿಗೆ ಮಾತ್ರ ಆ ಮುಖಗಳಲ್ಲಿ ಕಂಡಿತು. ಬಾನೆಟ್ಟಿನ ಮುಂದೆ ರುದ್ರಸ್ವಾಮಿ ತಟ್ಟೆಯಲ್ಲಿ ಕರ್ಪೂರ ಗುಡ್ಡೆ ಹಾಕಿ ಕಡ್ಡಿ ಗೀರಿದರು. ಗಾಳಿಗೆ ಆರಿತು. ಕಾರಿನ ಮರೆಗೆ ಇನ್ನಷ್ಟು ಬಗ್ಗಿ ಇನ್ನೊಂದು ಕಡ್ಡಿ ತೆಗೆದರು.

“ಅಯ್ಯನೋರೆ, ಗೀರಬೇಡಿ.”

ಅವರು ತಲೆಯೆತ್ತುವ ಮೊದಲೇ ದಾಕ್ಷಾಯಣಮ್ಮ ಕಡ್ಡಿಪೆಟ್ಟಿಗೆಯನ್ನು ಅವರ ಕೈಯಿಂದ ಕಿತ್ತುಕೊಂಡಿದ್ದರು. ಅಯ್ಯನವರ ಕೈ ಮುಟ್ಟಿ ಕಿತ್ತುಕೊಳ್ಳುವುದು ಆ ಮನೆಯಲ್ಲಿ ಹಿಂದೆಂದೂ ನಡೆದಿರಲಿಲ್ಲ.

“ಏನಮ್ಮ ಇದು?” ಎಂದ ಶಿವಕಿರಣ್.

“ಕೀಲಿ ತೆಗಿ. ಮಗೂನ ಇಳಿಸು ಮೊದ್ಲು.”

ದುಃಖಕ್ಕೆ ತಲೆ ಕೆಟ್ಟಿದೆ ಎಂದು ಯಾರೋ ಪಿಸುಗುಟ್ಟಿದರು. ಸುಚಿತ್ರಾ ಮಗುವನ್ನು ಇಳಿಸಿಕೊಂಡಳು. ದಾಕ್ಷಾಯಣಮ್ಮ ನೆಲಕ್ಕೆ ಮೊಣಕಾಲೂರಿ ಎಂಜಿನ್ನಿನ ಅಡಿಗೆ ಕೈ ಹಾಕಿದರು. ಕೈ ಒದ್ದೆಯಾಯಿತು. ನೀರಿಗಿಂತ ತಣ್ಣಗೆ, ನೋಡನೋಡುತ್ತಲೇ ಆರಿಹೋಗುವ ಒದ್ದೆ. ಲಿಂಗಯ್ಯ ಓಡಿ ಬಂದು ಬಾನೆಟ್ ಎತ್ತಿದ. ಹಳೆಯ ಪೈಪು ಉದ್ದಕ್ಕೆ ಸೀಳಿತ್ತು. ಎಂಜಿನ್ನಿನ ಮೇಲೆಲ್ಲ ಪೆಟ್ರೋಲು ಇಬ್ಬನಿಯಂತೆ ಕೂತು ಕೆಳಗೆ ಇಳಿಯುತ್ತಿತ್ತು. ಅವನು ಬ್ಯಾಟರಿಯ ವೈರು ಕಿತ್ತ. ಬಕೆಟ್ಟುಗಟ್ಟಲೆ ನೀರು ತರಿಸಿ ನೆಲಕ್ಕೆ ಹೊಯ್ಯಿಸಿದ. ಆಮೇಲೆ ದಾಕ್ಷಾಯಣಮ್ಮನ ಕಡೆ ತಿರುಗಿದ.

“ಅಮ್ಮಾ, ಮೊನ್ನೆ ಭಾನ್ವಾರನೂ ಅಣ್ಣ ನಿಮ್ಮುನ್ನ ಕರ್ದು ಕೇಳುದ್ರು. ನಾನೇ ಇದ್ದೆ. ವಾಸ್ನೆ ಇಲ್ಲ ಅಂದ್ರಿ.”

“ನಂಗೆ ವಾಸ್ನೆ ಬರಲ್ಲ ಲಿಂಗಯ್ಯ. ಆ ಜ್ವರದಿಂದೀಚೆಗೆ ಯಾವ ವಾಸ್ನೆನೂ ಬರಲ್ಲ.”

ಶಿವಕಿರಣ್ ಒಮ್ಮೆ ಶೆಡ್ಡಿನ ಮುಚ್ಚಿದ ಬಾಗಿಲನ್ನು ನೋಡಿದ, ಆಮೇಲೆ ಅಪ್ಪನನ್ನು. ಅಮ್ಮನ ಕಡೆ ನೋಡಲಿಲ್ಲ. ಅವರು ಅವನ ನೋಟಕ್ಕಾಗಿ ಕಾದರು, ಬೈದರೂ ಸಾಕಿತ್ತು. ಡಾಕ್ಟರು ಹೃದಯ ಎಂದಿದ್ದಾರೆ, ಇನ್ನು ಯಾರೂ ಬೇರೆ ಏನೂ ಹೇಳುವುದಿಲ್ಲ ಎಂದು ಅವರಿಗೆ ಗೊತ್ತಾಯಿತು. ಯಾರೂ ಹೇಳದೆ ಇರುವುದನ್ನು ಉಳಿದ ಆಯುಸ್ಸೆಲ್ಲ ತಾವೊಬ್ಬರೇ ಕೇಳಿಸಿಕೊಳ್ಳಬೇಕೆಂದೂ ಗೊತ್ತಾಯಿತು.

ಕಟ್ಟಿದ ದೇಹವನ್ನು ಮತ್ತೆ ಇಳಿಸುವುದು ಬೇಡವೆಂದು ರುದ್ರಸ್ವಾಮಿ ಹೇಳಿದರು. ಆರತಿಯೂ ಇಲ್ಲದೆ, ಎಂಜಿನ್ನೂ ಇಲ್ಲದೆ, ಜನ ಎರಡೂ ಬದಿಗೆ ಕೈಕೊಟ್ಟು ಕಾರನ್ನು ತಳ್ಳಿಕೊಂಡು ಗೇಟು ದಾಟಿದರು. ದಾರಿಯಲ್ಲಿ ಎಂದೂ ನಿಲ್ಲಬಾರದೆಂದು ಷಡಕ್ಷರಿ ಅಷ್ಟೆಲ್ಲ ಮಾಡಿದ ಗಾಡಿ ಸದ್ದಿಲ್ಲದೆ ಉರುಳಿತು. ಹೊರಡುವ ಮುನ್ನ ಲಿಂಗಯ್ಯ ಸೀಟಿನ ಕೆಳಗಿದ್ದ ಕೈ ಒರೆಸುವ ಹಳದಿ ಬಟ್ಟೆಯನ್ನು ಎಳೆದು ದೂರ ಎಸೆದಿದ್ದ. ಅದು ಪೆಟ್ರೋಲಿನಲ್ಲಿ ತೊಯ್ದಿತ್ತು.

ದಾಕ್ಷಾಯಣಮ್ಮ ಬಗ್ಗಿ ಅದನ್ನು ಎತ್ತಿಕೊಂಡರು. ಕೈ ಹಿಡಿಯಲು ಬಂದ ಸುಚಿತ್ರಾ ಘಾಟಿಗೆ ಕೆಮ್ಮಿ ಎರಡು ಹೆಜ್ಜೆ ಹಿಂದೆ ಸರಿದಳು. ಕಾರು ಬೀದಿಯ ತಿರುವಿಗೆ ಬಂದಿತ್ತು. ಹಿಂದಿನ ಗಾಜಿನಲ್ಲಿ ಷಡಕ್ಷರಿಯವರ ತಲೆ ಸ್ವಲ್ಪ ವಾಲಿದಂತೆ ಕಾಣುತ್ತಿತ್ತು. ದಾಕ್ಷಾಯಣಮ್ಮ ಬಟ್ಟೆಯನ್ನು ಎರಡೂ ಕೈಯಿಂದ ಮುಖಕ್ಕೆ ಒತ್ತಿ ಹಿಡಿದು ಆಳವಾಗಿ ಉಸಿರೆಳೆದರು. ಸ್ವಲ್ಪ ಕಾದು, ಇನ್ನೊಮ್ಮೆ ಎಳೆದರು.