ಅಮಾವಾಸ್ಯೆಯ ಮೇನ್ ಸ್ವಿಚ್

ದಾವಣಗೆರೆಯ ವಾಮದೇವಪ್ಪನವರ ಬೇರಿಂಗ್ ಅಂಗಡಿಯಲ್ಲಿ ಅಮಾವಾಸ್ಯೆಗೊಂದು ಕಟ್ಟಳೆಯಿತ್ತು. ಬೆಳಿಗ್ಗೆ ಹತ್ತೂಕಾಲಿಗೆ ಮೇನ್ ಸ್ವಿಚ್ ಇಳಿಸಬೇಕು. ತೂಕದ ಯಂತ್ರ, ಗ್ರೈಂಡರ್, ಕೊರೆಯುವ ಮಷಿನ್ ಎಲ್ಲಕ್ಕೂ ವಿಭೂತಿ ಬಳಿದು, ಕಾಯಿ ಒಡೆದು, ದೀಪ ಹಚ್ಚಬೇಕು. ದೀಪದ ಎಣ್ಣೆ ತೀರುವವರೆಗೆ ಯಾವ ಯಂತ್ರವೂ ದುಡಿಯುವಂತಿಲ್ಲ, ಫೋನೂ ಎತ್ತುವಂತಿಲ್ಲ. ಎಣ್ಣೆ ತೀರಲು ಎರಡು ಗಂಟೆ. ಅವರ ತಂದೆಯ ಕಾಲದಿಂದ ಇದು ಒಮ್ಮೆಯೂ ತಪ್ಪಿರಲಿಲ್ಲ.

ಈ ಸಲ ತಪ್ಪುತ್ತದೆ ಎಂದು ರಶ್ಮಿತಾ ವಾರದ ಹಿಂದೆಯೇ ಹೇಳಿದ್ದಳು.

ಡಿಪ್ಲೊಮಾ ಮುಗಿಸಿದ್ದ ರಶ್ಮಿತಾ ಎರಡು ವರ್ಷದಿಂದ ಅಲ್ಲಿ ಬಿಲ್ ಟೈಪು ಮಾಡುತ್ತಿದ್ದಳು. ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಬಂದ ಸಿಡಿಯಿಂದ ಅಂಗಡಿಯ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಪೈಥಾನ್ ಭಾಷೆ ಕಲಿತಳು. ಆ ಭಾಷೆಯಲ್ಲಿ ಝೋಪ್ ಎಂಬ ಚೌಕಟ್ಟಿತ್ತು. ಬರೆದ ಒಂದೊಂದು ಫಂಕ್ಷನ್ನಿಗೂ ಅದು ಒಂದೊಂದು ವೆಬ್ ವಿಳಾಸ ಕೊಡುತ್ತಿತ್ತು. ಹರಿಹರದ ಸಿಕಂದರ್ ಸಾಹೇಬರ ವರ್ಕ್‌ಶಾಪಿನ ಕಂಪ್ಯೂಟರ್ ಮೋಡೆಮ್‌ನಿಂದ ಅಂಗಡಿಗಿದ್ದ ಒಂದೇ ಫೋನ್ ಲೈನಿಗೆ ಕರೆ ಹಚ್ಚಿ, ಆ ವಿಳಾಸಕ್ಕೆ ಬೇರಿಂಗ್ ನಂಬರ್ ಕಳಿಸಿದರೆ, ದಾಸ್ತಾನು ಎಷ್ಟಿದೆ ಎಂದು ಒಂದೇ ಸಾಲಿನ ಉತ್ತರ ಹೋಗುತ್ತಿತ್ತು. ಯಂತ್ರ ಕೇಳುವುದು, ಯಂತ್ರ ಹೇಳುವುದು. ನಡುವೆ ಮನುಷ್ಯರಿಲ್ಲ.

ಸಿಕಂದರ್ ಎಂಟು ದಿನದ ಪರೀಕ್ಷೆ ಇಟ್ಟಿದ್ದರು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ, ಅರ್ಧ ಗಂಟೆಗೊಂದು ಪ್ರಶ್ನೆ. ಒಂದು ಉತ್ತರ ತಪ್ಪಿದರೂ ಅವರು ಹುಬ್ಬಳ್ಳಿಯ ಅಂಗಡಿ ಹಿಡಿಯುತ್ತಾರೆ. ವಾಮದೇವಪ್ಪನವರ ಮಾತೂ ಸ್ಪಷ್ಟವಿತ್ತು: "ತಪ್ಪಿದ್ರೆ ಆ ಡಬ್ಬಿ ಗುಜರಿಗೆ, ನೀನು ಬಿಲ್ಲಿಗೆ."

1999ರ ಸೆಪ್ಟೆಂಬರ್ 9, ಗುರುವಾರ, ಏಳನೆಯ ದಿನ. ಬೆನಕನ ಅಮಾವಾಸ್ಯೆ.

"ಇದೊಂದಕ್ಕೆ ಬೇರೆ ಕರೆಂಟ್ ಲೈನ್ ಎಳಸ್ರಿ ಅಂದಿದ್ದೆ, ಸಾಹುಕಾರ್ರೆ. ನೀವು ಕೇಳಲಿಲ್ಲ," ಎಂದಳು ರಶ್ಮಿತಾ.

"ಎಲ್ಲಾ ಮಷಿನ್ ಅಂದ್ರೆ ಎಲ್ಲಾ ಮಷಿನ್. ಮತ್ತ ಇವತ್ತು ತಾರೀಖು 9-9-99, ನಾಲ್ಕು ಒಂಬತ್ತು ಸೇರ್ಯಾವಂತೆ. ಕಂಪ್ಯೂಟರ್ ತಾವೇ ನಿಂತು ಹೋಗ್ತಾವಂತ ಪೇಪರ್‌ನಾಗೇ ಬಂದೈತೆ."

"ನನ್ನ ಪ್ರೋಗ್ರಾಂ ತಾರೀಖು ನೋಡಂಗಿಲ್ಲ. ಬೇರಿಂಗ್ ನಂಬರ್ ನೋಡ್ತೈತೆ."

"ಬಾಯಿಗೇನು ಕಮ್ಮಿ ಇಲ್ಲ," ಎಂದು ವಾಮದೇವಪ್ಪ ಮೇನ್ ಇಳಿಸಿದರು.

ಫ್ಯಾನ್ ನಿಂತಿತು, ಟ್ಯೂಬ್‌ಲೈಟ್ ಆರಿತು. ಮೂಲೆಯ ಕಂಪ್ಯೂಟರ್ ಮಾತ್ರ ಆರಲಿಲ್ಲ. ಅದರ ಕೆಳಗಿದ್ದ ಯುಪಿಎಸ್ ಕುಂಯ್ ಕುಂಯ್ ಎನ್ನತೊಡಗಿತು. ವಾಮದೇವಪ್ಪನವರ ತಾಯಿ ಕಸ್ತೂರಮ್ಮ ದೀಪ ಹಚ್ಚಿ, ಆರತಿ ತಟ್ಟೆ ಹಿಡಿದು ನಿಂತರು.

"ಯಾಕವ್ವಾ ಅದು ಅಳಾಕತ್ತೈತಿ?"

"ಹಸಿವಾಗೈತೆ, ಅಮ್ಮಾರೆ. ಅದರ ಹೊಟ್ಟ್ಯಾಗ ಇಪ್ಪತ್ತೈದು ನಿಮಿಷಕ್ಕಾಗೋಷ್ಟೇ ಕರೆಂಟ್ ಐತೆ."

ಹತ್ತೂವರೆಗೆ ಮೋಡೆಮ್ ಕಿರುಗುಟ್ಟಿತು. ಹರಿಹರ ಕೇಳಿತು, ದಾವಣಗೆರೆ ಹೇಳಿತು. ತೆರೆಯ ಮೇಲೆ ಒಂದು ಸಾಲು ಮೂಡಿತು. ವಾಮದೇವಪ್ಪ ಗ್ರೈಂಡರಿಗೆ ವಿಭೂತಿ ಬಳಿಯುತ್ತ ಆ ಕಡೆ ನೋಡಲಿಲ್ಲ. ಹತ್ತು ಮೂವತ್ತೆಂಟಕ್ಕೆ ಯುಪಿಎಸ್ ಕೂಗು ಉಸಿರು ಬಿಡದೆ ಉದ್ದವಾಯಿತು. ಇನ್ನು ಒಂದೋ ಎರಡೋ ನಿಮಿಷ. ಹನ್ನೊಂದರ ಪ್ರಶ್ನೆಗೆ ಅದು ಉಳಿಯುವುದಿಲ್ಲ ಎಂದು ರಶ್ಮಿತಾಗೆ ಗೊತ್ತಿತ್ತು. ಎದ್ದಳು. ಎಲ್ಲರ ಕಣ್ಣೆದುರು ನಡೆದು ಹೋಗಿ ಮೇನ್ ಎತ್ತಿದಳು.

ಫ್ಯಾನಿನ ಸ್ವಿಚ್ ಆರಿಸಿರಲಿಲ್ಲವೆಂಬುದು ಅವಳಿಗೆ ಆಗ ಹೊಳೆಯಿತು. ರೆಕ್ಕೆಗಳು ತಿರುಗಿದವು. ದೀಪ ಹೊಯ್ದಾಡಿ ಆರಿಹೋಯಿತು.

ವಾಮದೇವಪ್ಪನವರ ಮುಖ ಕೆಂಪಾಯಿತು.

"ಇಳಿಸು ಅದನ್ನ."

"ಇಳಿಸಂಗಿಲ್ರಿ." ಅವಳು ಫ್ಯಾನ್ ಆರಿಸಿ, ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತಳು. "ದೀಪ ಆರಿದ್ದು ನನ್ನ ತಪ್ಪು. ಅದಕ್ಕೆ ಬೈರಿ, ಬೈಸ್ಕೋತೀನಿ. ನಾಳೆಯಿಂದ ಬರಬ್ಯಾಡ ಅನ್ರಿ, ಬರಂಗಿಲ್ಲ. ಇದನ್ನ ಮಾತ್ರ ಇಳಿಸಂಗಿಲ್ಲ."

"ಅಂಗಡಿ ಯಾರದು?"

"ನಿಮ್ಮದು. ಪ್ರೋಗ್ರಾಂ ನಂದು."

ಕಸ್ತೂರಮ್ಮ ತಟ್ಟೆಯನ್ನು ಮೇಜಿನ ಮೇಲಿಟ್ಟು ಕಡ್ಡಿ ಗೀರಿದರು. "ದೀಪ ನಾ ಹಚ್ಚಿಕೊಳ್ತೀನಿ. ನೀವಿಬ್ರೂ ಅಲ್ಲೇ ನಿಂತು ಕಾದಾಡ್ರಿ, ಗಾಳಿಗಾದ್ರೂ ಅಡ್ಡ ಆಗ್ತೀರಿ." ದೀಪ ಹತ್ತಿದ ಮೇಲೆ ವಿಭೂತಿಯ ಬಟ್ಟಲು ಹಿಡಿದು ಕಂಪ್ಯೂಟರಿನ ಹತ್ತಿರ ಹೋದರು. "ಇದಕ್ಕೆ ಎಲ್ಲಿ ಹಚ್ಚಬೇಕು?"

"ಮುಂದಗಡೆ ಹಚ್ಚ್ರಿ, ಅಮ್ಮಾರೆ. ಹಿಂದಿನ ಕಿಂಡಿಗೆ ಬೂದಿ ಹೋದ್ರೆ ಕೆಡ್ತೈತೆ."

ವಾಮದೇವಪ್ಪ ಸ್ವಿಚ್ಚಿನತ್ತ ಎರಡು ಹೆಜ್ಜೆ ಇಟ್ಟರು. ಅವಳು ಜರುಗಲಿಲ್ಲ. ಹೆಣ್ಣುಮಗಳನ್ನು ಕೈ ಹಿಡಿದು ಎಳೆಯುವ ಮನುಷ್ಯ ಅವರಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಇಪ್ಪತ್ತು ನಿಮಿಷ ಹಾಗೆಯೇ ನಿಂತರು. ಹನ್ನೊಂದಕ್ಕೆ ಮೋಡೆಮ್ ಕಿರುಗುಟ್ಟಿತು. ತೆರೆಯ ಮೇಲೆ ಇನ್ನೊಂದು ಸಾಲು.

ಹನ್ನೊಂದು ಏಳಕ್ಕೆ ಫೋನ್ ರಿಂಗಾಯಿತು. ಅದು ಮೋಡೆಮ್ ಕರೆಯುವ ಹೊತ್ತಲ್ಲ, ಅಂದರೆ ಮನುಷ್ಯರ ಫೋನು. ಕಟ್ಟಳೆ ಮರೆತು ವಾಮದೇವಪ್ಪನವರೇ ಎತ್ತಿದರು. ಸಿಕಂದರ್ ಸಾಹೇಬರ ದನಿ ಅಂಗಡಿಗೆಲ್ಲ ಕೇಳುವಷ್ಟು ದೊಡ್ಡದಿತ್ತು.

"ವಾಮದೇವಪ್ನೋರೆ, ಉತ್ತರ ಬಂತಲ್ರಿ! ಅಮಾವಾಸ್ಯೆ ದಿವ್ಸ! ವರ್ಷಕ್ಕೆ ಹನ್ನೆರಡು ಸಲ ನಿಮ್ಮ ಪೂಜೆ ಮುಗಿಯೋತನಕ ನನ್ನ ಲೇಥ್ ಬೇರಿಂಗ್ ಇಲ್ದೆ ಖಾಲಿ ನಿಲ್ತಿದ್ವು. ಅದಕ್ಕೇ ಈ ದಿನಾನ ಪರೀಕ್ಷೆ ಒಳಗೆ ಸೇರಿಸಿದ್ದೆ. ನಾಳೆದೊಂದು ಆಗ್ಲಿ, ಹುಬ್ಬಳ್ಳಿಯೋರಿಗೆ ಬ್ಯಾಡ ಅಂತೀನಿ. ಅಂದಂಗೆ, ಮೇನ್ ಇಳಿಸದಂಗೆ ನಿಮ್ಮನ್ನ ಒಪ್ಪಿಸಿದೋರು ಯಾರ್ರೀ?"

ವಾಮದೇವಪ್ಪ ರಶ್ಮಿತಾಳನ್ನು ನೋಡಿದರು. ದೀಪ ನೋಡಿದರು. "ನಾನೇನು ಒಪ್ಪಿಲ್ಲ, ಸಾಹೇಬ್ರೆ," ಎಂದರು. ಆಮೇಲೆ ಹರಿಹರದ ಮಳೆ, ಬೆಳೆ ವಿಚಾರಿಸತೊಡಗಿದರು. ಮಾತು ಉದ್ದವಾಯಿತು. ಗೋಡೆಯ ಗಡಿಯಾರ ಹನ್ನೊಂದು ಇಪ್ಪತ್ತೇಳು ದಾಟಿತು.

ರಶ್ಮಿತಾ ಸ್ವಿಚ್ ಬಿಟ್ಟು ಬಂದು ಅವರೆದುರು ಕೈ ಚಾಚಿದಳು.

"ಫೋನ್ ಇಡ್ರಿ, ಸಾಹುಕಾರ್ರೆ. ಹನ್ನೊಂದೂವರೆದು ಬರ್ತೈತೆ."