ಶೆಲ್ಬಿಯ ಕೆಲಸ

"ಬಂದಿದಾಳೆ ಕಣೇ. ಮುಖ ಹಾಗ್ ಮಾಡ್ಬೇಡ," ಎಂದಳು ಮಾರೀನ್, ಸ್ಟಾಫ್ ರೂಮಿನಲ್ಲಿ ಎರಡು ಮಗ್ಗಿಗೆ ಬಿಸಿನೀರು ಸುರಿಯುತ್ತ. "ಕೆಂಪು ಕೋಟು, ಒಂದೇ ಕಾಲಲ್ಲಿ ಸಾಕ್ಸು. ಒಳಗ್ ಬರೋದ್ರೊಳಗೇ ಯಾರಿಗೋ ಒದ್ದೂ ಆಗಿದೆ."

ಯಾರೆಂದು ಲೋರ್ನಾ ಕೇಳಲಿಲ್ಲ. ಏಳು ವರ್ಷದ ಶೆಲ್ಬಿ. ಕಳೆದ ಸಲ ವಿಶ್ವವಿದ್ಯಾಲಯದಿಂದ ಡಾಕ್ಟರ್ ಹ್ಯಾಲಮ್ ಪಾಠ ನೋಡಲು ಬಂದಾಗ ಮೇಜಿನ ಕೆಳಗೆ ಸೇರಿಕೊಂಡು ನಾಯಿಯ ಹಾಗೆ ಬೊಗಳಿದ್ದಳು. ಐದು ನಿಮಿಷದಲ್ಲಿ ಇಡೀ ತರಗತಿಯೇ ಬೊಗಳುತ್ತಿತ್ತು. ಆ ಪಾಠದಲ್ಲಿ ಲೋರ್ನಾ ಫೇಲು. ಇವತ್ತು ಅವರು ಮತ್ತೆ ಬರುವವರಿದ್ದರು; ಇವತ್ತೂ ಫೇಲಾದರೆ ಈ ವರ್ಷದ ತರಬೇತಿಯೇ ಹೋದಂತೆ. ಪದವಿ ಮುಗಿಸಿ ಎಷ್ಟೋ ಕಾಲ ವಿಮಾ ಕಚೇರಿಯಲ್ಲಿ ಫೋನು ಎತ್ತಿದವಳು, ಮೂವತ್ತೆಂಟರಲ್ಲಿ ಕೆಲಸ ಬಿಟ್ಟು, ಪದವೀಧರರಿಗೆಂದೇ ಇರುವ ಈ ಒಂದು ವರ್ಷದ ಶಿಕ್ಷಕರ ತರಬೇತಿಗೆ ಸೇರಿದ್ದಳು. ಗ್ರಿಮ್ಸ್‌ಬಿ ಎಂಬ ಬಂದರು ಪಟ್ಟಣದ ಈ ಶಾಲೆಯಲ್ಲಿ ಅವಳಿಗೆ ಕೆಲಸ ಕಲಿಸುವ ಗುರು ಮಾರೀನ್.

"ಅವಳು ಕುದಿಯೋಕ್ ಶುರುಮಾಡಿದ್ರೆ ಪೆಟ್ಟಿಗೆ ಇದೆಯಲ್ಲ," ಎಂದಳು ಮಾರೀನ್. "ಒಂದ್ ಸುತ್ತು ಹೊಡ್ಕೊಂಡ್ ಬರ್ಲಿ. ನಾನು ಚಿಕ್ಕಮಕ್ಕಳ ತರಗತಿಗೆ ಹೋಗ್ಬೇಕು, ಟೀಚರ್ ಬಂದಿಲ್ಲ. ಧೈರ್ಯವಾಗಿರು ತಾಯಿ."

ಪೆಟ್ಟಿಗೆಯ ಗುಟ್ಟು ಆ ಶಾಲೆಯ ದೊಡ್ಡವರಿಗೆಲ್ಲ ಗೊತ್ತು. ಒಳಗಿರುವುದು ಯಾರಿಗೂ ಬೇಡವಾದ ಹಳೆಯ ಭೂಪಟದ ಪುಸ್ತಕಗಳು. ಮಗುವೊಂದು ಸಿಡಿಯುವ ಹಾಗೆ ಕಂಡರೆ, "ಇದನ್ನ ಬ್ರೌನ್ಲಿ ಸರ್‌ಗೆ ಕೊಟ್ ಬಾ, ಅರ್ಜೆಂಟು," ಎಂದು ಕೈಗೆ ಕೊಡುವುದು. ಪಕ್ಕದ ತರಗತಿಯ ಬ್ರೌನ್ಲಿ, "ಓಹ್, ಇದಕ್ಕೇ ಕಾಯ್ತಿದ್ದೆ! ಈಗ ಆಫೀಸಿಗೆ ತಲುಪಿಸ್ತೀಯಾ?" ಎನ್ನುವುದು. ಮಗು ತಿರುಗಿ ಬರುವಷ್ಟರಲ್ಲಿ ಸಿಟ್ಟೆಲ್ಲ ತೋಳಿಗಿಳಿದು ಕರಗಿರುತ್ತದೆ. ಎರಡು ನಿಮಿಷದ ಉಪಾಯ.

ಚಹಾ ಅಲ್ಲೇ ಬಿಟ್ಟು ಲೋರ್ನಾ ಬ್ರೌನ್ಲಿಯ ಬಾಗಿಲಿಗೆ ಹೋದಳು.

"ಶೆಲ್ಬಿ ಪೆಟ್ಟಿಗೆ ತಂದ್ರೆ, ಬೆಲ್ ಹೊಡೆಯೋ ತನಕ ಅವಳನ್ನ ತಿರುಗಿಸ್ತಾ ಇರ್ತೀರಾ? ಮೇಲಿನ ಮಹಡಿ ಟೀಚರ್‌ಗಳಿಗೂ ಒಂದ್ ಮಾತು ಹೇಳಿ."

"ಪೂರ್ತಿ ಪಾಠಾನಾ?"

"ಇವತ್ತೊಂದೇ ದಿನ."

ಬ್ರೌನ್ಲಿ ಗಡ್ಡ ಕೆರೆದುಕೊಂಡ. "ನಿಮ್ಮ ತರಗತಿ, ನಿಮ್ಮಿಷ್ಟ."

ಪಾಠ ಶುರುವಾಯಿತು. ಮರಳ ದಂಡೆಯಲ್ಲಿ ಒಂಟಿಯಾಗಿ ಮಲಗಿದ ಸೀಲ್ ಮರಿಯ ಕಥೆ. ಹಿಂದಿನ ಪುಟ್ಟ ಕುರ್ಚಿಯಲ್ಲಿ ಡಾಕ್ಟರ್ ಹ್ಯಾಲಮ್ ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತಿದ್ದರು. "ತಾಯಿ ನೀರಿಗಿಳಿದು ಹೋದ್ಳು. ಮರಿ ಯಾಕೆ ಹಿಂದೇನೇ ಹೋಗ್ಲಿಲ್ಲ?" ಎಂದು ಲೋರ್ನಾ ಕೇಳಿದಳು.

ಆಗ ಮಕ್ಕಳು ಕೂತಿದ್ದ ಜಮಖಾನದ ಮೂಲೆಯಿಂದ ಒಂದು ಕೈ ಮೇಲೆದ್ದಿತು. ಕೂಗಿಲ್ಲ, ಕುಣಿತವಿಲ್ಲ, ಪಕ್ಕದವಳಿಗೆ ತಿವಿತವಿಲ್ಲ. ತುಟಿ ಬಿಗಿಹಿಡಿದು ನೆಟ್ಟಗೆ ಕೈ ಎತ್ತಿದ್ದಳು ಶೆಲ್ಬಿ. ಮೂರು ತಿಂಗಳಿಂದ ಲೋರ್ನಾ ಅವಳನ್ನು ಬೇಡಿಕೊಂಡಿದ್ದದ್ದು ಇದನ್ನೇ.

ಲೋರ್ನಾ ಆ ಕೈಯನ್ನು ನೋಡಿದಳು. ಹ್ಯಾಲಮ್ ಕೂಡ ತಲೆಯೆತ್ತಿ ಅತ್ತ ನೋಡುವುದರಲ್ಲಿದ್ದರು. ಆ ಬಾಯಿಂದ ಏನು ಬರುತ್ತದೋ ಎಂದು ಲೋರ್ನಾ ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಶೆಲ್ಬಿ, ಚಿನ್ನ, ನಂಗೊಂದು ಸಹಾಯ ಆಗ್ಬೇಕಿತ್ತು," ಎಂದಳು.

ಕೈ ನಿಧಾನವಾಗಿ ಕೆಳಗಿಳಿಯಿತು.

ಪೆಟ್ಟಿಗೆ ಹೋದಮೇಲೆ ಪಾಠ ಬೆಣ್ಣೆಯ ಹಾಗೆ ಸಾಗಿತು. ಬೆಲ್ ಹೊಡೆಯುವಾಗ ಶೆಲ್ಬಿ ಬಾಗಿಲಲ್ಲಿ ಪ್ರತ್ಯಕ್ಷಳಾದಳು. ಕೂದಲು ಹಣೆಗೆ ಅಂಟಿತ್ತು. ತೋಳಿನಲ್ಲಿ ಪೆಟ್ಟಿಗೆಯ ಅಂಚು ಒತ್ತಿದ ಕೆಂಪು ಗೆರೆ.

"ಮಿಸ್! ಎಲ್ರಿಗೂ ಬೇಕಾಗಿತ್ತು ಮಿಸ್! ಒಬ್ರೂ ಬೇಡ ಅನ್ಲಿಲ್ಲ!"

ಆಮೇಲೆ ಖಾಲಿ ತರಗತಿಯಲ್ಲಿ ಹ್ಯಾಲಮ್ ಕೈಕುಲುಕಿದರು. "ಅದೇ ಮಕ್ಕಳು ಅಂದ್ರೆ ನಂಬೋಕಾಗಲ್ಲ. ಅಂದಹಾಗೆ, ಆ ಬೊಗಳೋ ಹುಡುಗಿ ಹೊರಗ್ ಹೋದ್ಳಲ್ಲ?"

"ಅವಳಿಗೆ... ಒಂದು ಕೆಲಸ ಕೊಟ್ಟಿದ್ದೆ."

"ಒಳ್ಳೇ ಯೋಚನೆ. ಅಂಥ ಮಕ್ಕಳಿಗೆ ಜವಾಬ್ದಾರಿ ಕೊಡ್ಬೇಕು." ಅದನ್ನೇ ಅವಳ ಹೆಚ್ಚುಗಾರಿಕೆಯೆಂದು ಬರೆದುಕೊಂಡರು. "ನೀವು ಪಾಸು. ಅಭಿನಂದನೆ."

ನಿಜ ಹೇಳಿಬಿಡಲು ಅದು ಸರಿಯಾದ ಗಳಿಗೆಯಾಗಿತ್ತು. ಲೋರ್ನಾ "ಥ್ಯಾಂಕ್ಯೂ" ಎಂದಳು. ಕಿವಿ ಬಿಸಿಯಾಗಿ ಉರಿಯುತ್ತಿತ್ತು. ಸಂತೋಷಕ್ಕೆ ಹಾಗಾಗಿದೆ ಎಂದುಕೊಂಡರೇನೋ ಅವರು.

ಮಧ್ಯಾಹ್ನ ಮಾರೀನ್ ಓಡಿಬಂದು ತಬ್ಬಿಕೊಂಡಳು. "ಪೆಟ್ಟಿಗೆ ಬೇಕಾಯ್ತಾ?"

"ಹೂಂ. ಬೆಲ್ ಹೊಡೆಯೋ ತನಕ."

ಮಾರೀನ್ ತೋಳು ಸಡಿಲಿಸಿದಳು. "ಅಷ್ಟೊಂದು ಕುದೀತಿದ್ಳಾ?"

"ಇಲ್ಲ," ಎಂದಳು ಲೋರ್ನಾ. "ಕೈ ಎತ್ತಿದ್ಳು."

ಮಾರೀನ್ ತಿರುಗಿ ಬೋರ್ಡು ಒರೆಸತೊಡಗಿದಳು. ಏನಾದರೂ ಕೇಳಿದ್ದರೆ, ಬೈದಿದ್ದರೆ ಚೆನ್ನಾಗಿತ್ತು.

ಶಾಲೆ ಬಿಟ್ಟಾಗ ಗೇಟಿನ ಬಳಿ ಶೆಲ್ಬಿಯ ಅಜ್ಜಿ ಕಾಯುತ್ತಿದ್ದಳು, ಮೀನಿನ ಕಾರ್ಖಾನೆಯ ಬಿಳಿ ಬೂಟು ಇನ್ನೂ ಕಾಲಲ್ಲೇ ಇತ್ತು.

"ನೀವೇನಾ ಆ ಮಿಸ್ಸು? ಈ ಗೇಟಲ್ಲಿ ಟೀಚರ್ ನನ್ ಕಡೆ ಬಂದ್ರೆ ಸಾಕು, ಇವತ್ತೇನ್ ರಾದ್ಧಾಂತ ಮಾಡಿದ್ಳೋ ಅಂತ ಜೀವ ಹೋಗ್ತಿತ್ತು. ಇವತ್ತು ನೋಡಿ, 'ಅಜ್ಜಿ, ಸ್ಕೂಲ್ ಪೂರ್ತಿ ನನ್ ಕೈಲೇ ಕೆಲ್ಸ ಮಾಡಿಸ್ಕೊಳ್ತು' ಅಂತಾಳೆ!" ಅವಳ ಕಣ್ಣು ತುಂಬಿತ್ತು. "ಇವಳನ್ನ ನಂಬಿದೋರು ನೀವೇ ಮೊದಲ್ನೇವ್ರು ಕಣಮ್ಮಾ."

ಲೋರ್ನಾ ಮಗುವಿನ ಎದುರು ಕುಕ್ಕರಗಾಲಲ್ಲಿ ಕೂತಳು. "ಶೆಲ್ಬಿ, ಬೆಳಿಗ್ಗೆ ಕೈ ಎತ್ತಿದ್ಯಲ್ಲ. ಸೀಲ್ ಮರಿ ಕಥೇಲಿ. ನಾನು ನಿನ್ನ ಕೇಳ್ಬೇಕಿತ್ತು, ಕೇಳ್ಲಿಲ್ಲ. ತಪ್ಪು ನಂದೇ. ಏನ್ ಹೇಳ್ಬೇಕಂತಿದ್ದೆ?"

ಶೆಲ್ಬಿ ಹುಬ್ಬು ಗಂಟಿಕ್ಕಿ ಯೋಚಿಸಿದಳು. "ಮರ್ತೋಯ್ತು ಮಿಸ್. ತುಂಬಾ ಕೆಲ್ಸ ಇತ್ತಲ್ಲ."

ಅಷ್ಟರಲ್ಲಿ ಮಗುವಿನ ಗಾಡಿ ತಳ್ಳಿಕೊಂಡು ಒಬ್ಬ ತಾಯಿ ಬಂದಳು. ಶೆಲ್ಬಿ ಯಾರೂ ಹೇಳದೆಯೇ ಓಡಿಹೋಗಿ ಕಬ್ಬಿಣದ ಗೇಟಿಗೆ ಬೆನ್ನು ಕೊಟ್ಟು ತಳ್ಳಿ ನಿಂತಳು. ಆ ತಾಯಿ ದಾಟಿದಳು, ಹಿಂದಿನವರು ದಾಟಿದರು, ಅವರ ಹಿಂದಿನವರೂ ದಾಟಿದರು. ಅಂಗಳ ಖಾಲಿಯಾಯಿತು. ಅಜ್ಜಿ ರಸ್ತೆಯಿಂದ ಕರೆದಳು. ಶೆಲ್ಬಿ ಕದಲಲಿಲ್ಲ. ಭಾರದ ಗೇಟನ್ನು ಬೆನ್ನಲ್ಲಿ ಹಿಡಿದುಕೊಂಡೇ, ಸಾಕು ಎನ್ನುತ್ತಾರೇನೋ ಎಂದು ಲೋರ್ನಾಳ ಮುಖವನ್ನೇ ನೋಡುತ್ತಿದ್ದಳು.