ನಾಲ್ಕು ಖಾಲಿ ಮನೆ

ಬೈಲಹೊಂಗಲದ ಪೇಟೆಯಲ್ಲಿ ಹನ್ನೆರಡು ವರ್ಷದಿಂದ ಲಗ್ನಪತ್ರಿಕೆ ಮಾಡಿಕೊಡುವ ಶಟ್ಟೆಪ್ಪನಿಗೆ ಒಂದು ಚಟ. ಕೊಟ್ಟ ಕೆಲಸವನ್ನು ಕೊಟ್ಟಂತೆ ಬಿಡುವವನಲ್ಲ, ಚೆಂದ ಮಾಡಿಯೇ ತೀರುತ್ತಾನೆ. 2006ರ ಜೂನ್ ತಿಂಗಳ ಒಂದು ಮಧ್ಯಾಹ್ನ ನಿಲೋಫರ್ ಆ ಚೆಂದವನ್ನು ಕೈಯಲ್ಲಿ ಹಿಡಿದು ಹಲ್ಲು ಕಡಿಯುತ್ತ ನಿಂತಿದ್ದಳು.

ಅವಳು ಸಂಪಗಾಂವದ ಟೆಂಪೊ ಚಾಲಕ ಇಮಾಮಸಾಬನ ಮಗಳು, ಧಾರವಾಡದಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ಐದು ಗಂಟೆಯೊಳಗೆ ಅವಳ ಪ್ರಬಂಧ ಅಲ್ಲಿ ಮುಟ್ಟಬೇಕು; ಅದರ ಕೊನೆಯ ಕೆಲವು ಹಾಳೆಗಳನ್ನು ಪ್ರಿಂಟ್ ಮಾಡಲು ಇವನಿಗೆ ಕೊಟ್ಟಿದ್ದಳು. ತಪ್ಪಿದರೆ ವರ್ಷ ಹೋಯಿತು. ಎರಡೂವರೆಯ ಬಸ್ಸಿಗೆ ಇನ್ನು ನಲವತ್ತು ನಿಮಿಷ.

"ಶಟ್ಟೆಪ್ಪಣ್ಣ, ಈ ಸಾಲಿನ್ಯಾಗ ನಾಕು ಸಣ್ಣ ಗೆರಿ ಇದ್ವಲ್ಲ, ಎಲ್ಲಿ ಹೋದ್ವು?"

"ತಗದೇನಿ ತಂಗಿ. ಅಕ್ಷರದ ನಡುವ ಸುಮ್ನ ಕುಂತಿದ್ವು. ಕೈತಪ್ಪಿ ಬಿದ್ದಾವಂತ ತಿಳದೆ. ಫಾಂಟೂ ಬದಲಿ ಮಾಡೇನಿ, ಮದಲಿಂದು ಭಣಭಣ ಕಾಣತಿತ್ತು."

"ನನ್ನ ಫ್ಲಾಪಿ?"

"ಅದರಾಗೂ ಹಳೇದನ್ನ ಅಳಿಸಿ ಇದನ್ನ ಸೇವ್ ಮಾಡೇನಿ," ಎಂದ, ಉಪಕಾರ ಮಾಡಿದವನ ಗತ್ತಿನಲ್ಲಿ.

ನಿಲೋಫರ್ ಸ್ಟೂಲಿನ ಮೇಲೆ ಕುಸಿದಳು. ಹಕ್ಕಿಜ್ವರದ ಎರಡು ವೈರಸ್ಸುಗಳ ಒಂದೇ ಪ್ರೋಟೀನನ್ನು, ಅದರ ಒಂದೊಂದು ಅಮೈನೊ ಆಮ್ಲಕ್ಕೆ ಒಂದೊಂದು ಅಕ್ಷರದಂತೆ ಬರೆದು, ಅಕ್ಷರದ ಕೆಳಗೆ ಅಕ್ಷರವಿಟ್ಟು ಹೋಲಿಸಲು ಅವಳಿಗೆ ಐದು ತಿಂಗಳು ಹಿಡಿದಿತ್ತು. ಕೋಳಿಗೆ ಬರೀ ನೆಗಡಿ ಬರಿಸುವ ವೈರಸ್ಸಿನದರಲ್ಲಿ 564 ಅಕ್ಷರ. ಕೋಳಿಯನ್ನು ಕೊಲ್ಲುವುದರಲ್ಲಿ 568. ಹೆಚ್ಚಿನ ಆ ನಾಲ್ಕರ ಬಲದಿಂದಲೇ ಎರಡನೆಯದು ಕೋಳಿಯ ಮೈತುಂಬ ಹರಡುತ್ತದೆ. ಮೊದಲನೆಯದರಲ್ಲಿ ಆ ಜಾಗ ಖಾಲಿ ಎಂದು ತೋರಿಸಲು ನಾಲ್ಕು ಗೆರೆ. ಶಟ್ಟೆಪ್ಪ ಅವನ್ನು ಅಳಿಸಿದ್ದೇ ತಡ, ಮುಂದಿನ ಅಕ್ಷರಗಳೆಲ್ಲ ಎಡಕ್ಕೆ ಸರಿದು, ಒಂದರ ಕೆಳಗೆ ಒಂದು ಕೂಡದೆ ಹೋಗಿದ್ದವು.

"ಇದನ್ನ ನೋಡಿದ್ರ ಎರಡಕ್ಕೂ ಸಂಬಂಧನ ಇಲ್ಲ ಅನಸ್ತೈತಿ!"

"ನಾಕು ಗೆರಿಗೆ ಇಷ್ಟು ರಂಪ ಯಾಕವ್ವ? ಖಾಲಿ ಅಂದ್ರ ಏನೂ ಇಲ್ಲಂತಲ್ಲ?"

ಅವಳು ಮೂರನೆಯ ಸಲ ವಿವರಿಸಿದಳು. ಶಟ್ಟೆಪ್ಪ ಮೂರನೆಯ ಸಲ ತಲೆಯಾಡಿಸಿದ. ಅರ್ಥವಾಗಿರಲಿಲ್ಲ. ಅಷ್ಟರಲ್ಲಿ ಪರದೆಯ ಮೇಲೆ ಅರ್ಧವಾಗಿದ್ದ ಲಗ್ನಪತ್ರಿಕೆ ಅವಳ ಕಣ್ಣಿಗೆ ಬಿತ್ತು. ಎಡಕ್ಕೆ ವರನ ಕಡೆಯವರು, ಬಲಕ್ಕೆ ವಧುವಿನ ಕಡೆಯವರು.

"ಇಲ್ಲಿ ಹುಡುಗಿ ಕಡೆ ಅಜ್ಜನ ಹೆಸರಿಲ್ಲ. ಅಪ್ಪನ್ನ ಯಾಕ ಮ್ಯಾಲೆ ಸರಸಿಲ್ಲ?"

"ಹುಚ್ಚಿ ಏನು? ಸರಸಿದ್ರ ಹುಡುಗನ ಅಜ್ಜನ ಎದುರಿಗೆ ಹುಡುಗಿ ಅಪ್ಪ ಬರ್ತಾನ, ಅಪ್ಪನ ಎದುರಿಗೆ ಸ್ವಾದರಮಾವ. ಬೀಗರು ಅಂಗಡಿಗೆ ಬಂದು ಒದೀತಾರ. ಅಜ್ಜ ಇಲ್ಲಂದ್ರ ಅಜ್ಜನ ಜಾಗಾ ಖಾಲಿ ಬಿಡಬೇಕು—"

ಶಟ್ಟೆಪ್ಪನ ಕಣ್ಣು ಪರದೆಯಿಂದ ಅವಳ ಕೈಯಲ್ಲಿದ್ದ ಹಾಳೆಗೆ ಹೊರಳಿತು.

"ಅಯ್ಯ! ನಾಕು ಮಂದಿ ಅಜ್ಜನ್ನ ತಗದೇನೇನವ್ವ ನಾ?"

"ಹೂಂ. ಹಾಕು ಈಗ."

ಅವಳು ಜಾಗ ತೋರಿಸಿದಳು, ಅವನು ಎಣಿಸುತ್ತ ಗೆರೆ ಹಾಕಿದ. ಎಲ್ಲ ಅಕ್ಷರವೂ ಒಂದೇ ಅಗಲವಿರುವ ಹಳೆಯ ಫಾಂಟನ್ನು ಗೊಣಗುತ್ತ ಮರಳಿ ತಂದ. ಪ್ರಿಂಟರ್ ಕೊನೆಯ ಹಾಳೆಯನ್ನು ಉಗುಳಿದ್ದೇ ತಡ ಕರೆಂಟು ಹೋಯಿತು. ಬಸ್ಸಿಗೆ ಆರು ನಿಮಿಷ.

ನಿಲೋಫರ್ ಬಾಗಿಲಿನ ಬೆಳಕಿಗೆ ಹಾಳೆ ಹಿಡಿದಳು. ಅಕ್ಷರದ ಕೆಳಗೆ ಅಕ್ಷರ. ಗೆರೆ ನಾಲ್ಕಕ್ಕೆ ನಾಲ್ಕು. ಸುತ್ತಲೂ ಮಲ್ಲಿಗೆ ಬಳ್ಳಿಯ ಅಂಚು, ನಾಲ್ಕು ಮೂಲೆಗೆ ನಾಲ್ಕು ಕಳಶ.

"ಇದೇನು ಶಟ್ಟೆಪ್ಪಣ್ಣ?"

"ಬೋಳು ಬೋಳು ಕಾಣತಿತ್ತವ್ವ. ಒಳಗ ಏನೂ ಮುಟ್ಟಿಲ್ಲ, ನಿನ್ನಾಣಿ."

ಬಸ್ಸಿನ ಹಾರ್ನ್ ಕೇಳಿಸಿತು. ಅವಳು ಕಳಶಗಳ ಸಮೇತ ವೈರಸ್ಸನ್ನು ಫೈಲಿಗೆ ತುರುಕಿ ಓಡಿದಳು.